ಕಟ್ಟಿಗೆ ಕೋಣೆಯ ಚಿಲಕ

ಬುಟ್ಟಿಯೊಳಗಿನ ಗರಗಸದ ಪುಡಿಯನ್ನು ಅರ್ಧ ಜರಡಿ ಹಿಡಿದಾಗ ಇರುವೆಗಳ ಒಂದು ಸಾಲು ಸಿಕ್ಕಿತು. ಚಂಪಾಬಾಯಿ ಕೈ ನಿಲ್ಲಿಸಿದಳು. ಒಂದು ಒಣ ಎಲೆಯನ್ನು ಜರಡಿಯ ಅಂಚಿಗೆ ಹಿಡಿದು, ಇರುವೆಗಳು ಅದನ್ನು ಹತ್ತುವವರೆಗೆ ಕಾದು, ಎಲೆಯನ್ನು ಹಿತ್ತಲ ಕಟ್ಟೆಯ ಮೇಲಿಟ್ಟಳು. ಆ ಜೈನರ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ, ಹಿಟ್ಟನ್ನು ಜರಡಿ ಹಿಡಿಯದೆ ನಾದುವುದಿಲ್ಲ. ಅಂದಮೇಲೆ ನಾಯಿ ಕೂರುವ ತಗಡಿನ ಪರಾತಕ್ಕೆ ಹಾಕುವ ಪುಡಿಯಲ್ಲೂ ಜೀವಜಂತು ಇರಕೂಡದೆಂದು ಗಂಡ ಪಾಯಪ್ಪನ ಅಪ್ಪಣೆಯಾಗಿತ್ತು. ಅಪ್ಪಣೆ ಅವನದು, ಜರಡಿ ಅವಳದು.

ನಾಯಿ ಎದುರಿಗೇ ಕುಳಿತು ನೋಡುತ್ತಿತ್ತು. ಮೊಣಕಾಲೆತ್ತರದ, ಬಿಳಿ ಕೂದಲಿನ ವಿಲಾಯತಿ ನಾಯಿ. ಹೆಸರು ಪೆಗ್ಗಿ. ಜಂಗಲ್ ಖಾತೆಯ ಸಾಹೇಬನದು. ಆತ ರಜೆಯ ಮೇಲೆ ತನ್ನ ದೇಶಕ್ಕೆ ಹೋಗುವಾಗ ಖಾನಾಪುರದ ಕಟ್ಟಿಗೆ ಗುತ್ತಿಗೆದಾರರಲ್ಲಿ ಯಾರ ಮನೆಯಲ್ಲಿ ನಾಯಿ ಬಿಡಬೇಕೆಂದು ಯೋಚಿಸಿದನಂತೆ. ಪಾಯಪ್ಪ ತಾನಾಗಿ ಮುಂದೆ ಹೋಗಿ ಕೈಮುಗಿದು ಕರೆತಂದಿದ್ದ. ಜೊತೆಗೆ ಬಂದ ಸಾಹೇಬನ ಅಡಿಗೆಯವನು ಒಂದೇ ಮಾತು ಹೇಳಿ ಹೋಗಿದ್ದ. ಊರ ಸುತ್ತ ಚಿರತೆ ಓಡಾಡುತ್ತಿದೆ, ಅದಕ್ಕೆ ನಾಯಿಯ ಮಾಂಸವೆಂದರೆ ಹಬ್ಬ, ಸಾಹೇಬ ಬರುವವರೆಗೆ ಪೆಗ್ಗಿ ಹೊಸ್ತಿಲು ದಾಟಬಾರದು.

ಚಿರತೆಯ ಮಾತು ಸುಳ್ಳಾಗಿರಲಿಲ್ಲ. ಆಡು ಕಾಯುವ ಭರಮವ್ವನ ಕರಿ ನಾಯಿಯನ್ನು ಅದು ಬಾಗಿಲೆದುರಿನಿಂದಲೇ ಒಯ್ದಿತ್ತು. ಊರಲ್ಲಿ ಆಳೆತ್ತರದ ಗೋಡೆಯಿದ್ದ ಒಬ್ಬರ ಅಂಗಳಕ್ಕೂ ಒಮ್ಮೆ ಹಾರಿತ್ತು.

ಹೊಸ್ತಿಲು ದಾಟದ ನಾಯಿ ಹೊಲಸು ಮಾಡಲು ಎಲ್ಲಿ ಕೂರಬೇಕು? ಆ ಪ್ರಶ್ನೆಗೆ ಪಾಯಪ್ಪ ತಲೆ ಕೆಡಿಸಿಕೊಂಡಷ್ಟು ತನ್ನ ಮಗಳ ಮದುವೆಗೂ ಕೆಡಿಸಿಕೊಂಡಿರಲಿಲ್ಲ. ಮೊದಲು ಬಚ್ಚಲ ಮೂಲೆಯಲ್ಲಿ ಬೂದಿ ಹರಡಿಸಿದ. ನಾಯಿ ಮೂಸಿ ನೋಡಿ, ಸೀನಿ, ದೇವರ ಕೋಣೆಯ ಬಾಗಿಲಿಗೇ ಹೋಗಿ ಒದ್ದೆ ಮಾಡಿತು. ಆಮೇಲೆ ಮಲಪ್ರಭೆಯಿಂದ ಉಸುಕು ತರಿಸಿದ. ಅದನ್ನು ಎರಡೂ ಕಾಲಿನಿಂದ ಕೆದರಿ ಮನೆಯೆಲ್ಲ ಚೆಲ್ಲಿತೇ ಹೊರತು ಮಾಡಬೇಕಾದ್ದನ್ನು ಮಾಡಲಿಲ್ಲ. ಒಂದು ವಾರ ರೊಟ್ಟಿ ಕಚ್ಚಿದರೆ ಕರಕರ. ಪಾಯಪ್ಪ ರೈಲು ಹತ್ತಿ ಬೆಳಗಾವಿಗೆ ಹೋದ. ಕ್ಯಾಂಪಿನ ಬಿಳಿ ಮಡ್ಡಮ್ಮಗಳು ಮಳೆಗಾಲದಲ್ಲಿ ನಾಯಿಗಳಿಗೆ ಏನು ಮಾಡುತ್ತಾರೆಂದು ಬಂಗಲೆಯ ಆಳುಗಳನ್ನು ವಿಚಾರಿಸಿ, ತಗಡಿನವನ ಅಂಗಡಿಯಲ್ಲಿ ನಿಂತು ಅಗಲವಾದ ಪರಾತ ಮಾಡಿಸಿಕೊಂಡು ಬಂದ. ಅದರೊಳಗೆ ಹೊಳೆದಂಡೆಯ ಹಸಿ ಹುಲ್ಲಿನ ಹೆಂಟೆ ಕೂರಿಸಿದ. ಪೆಗ್ಗಿ ಹುಲ್ಲನ್ನು ಕಂಡದ್ದೇ ಸುತ್ತು ತಿರುಗಿ ಕೂತುಬಿಟ್ಟಿತು.

"ಮಾಡಿತು! ಮಾಡಿತು ನೋಡ!" ಎಂದು ಐವತ್ತು ದಾಟಿದ ಗಂಡಸು ಕೂಗಿಕೊಂಡಿದ್ದ.

ಆದರೆ ಅಷ್ಟಮಿ ಬಂತು. ಅಷ್ಟಮಿ, ಚತುರ್ದಶಿಗೆ ಆ ಮನೆಯಲ್ಲಿ ಕೊತ್ತಂಬರಿಯ ಎಸಳನ್ನೂ ಚಿವುಟುವುದಿಲ್ಲ. ಹುಲ್ಲಿನ ಹೆಂಟೆ ಕೀಳುವುದು ಹೇಗೆ? ವ್ರತವನ್ನೂ ಬಿಡಲಾರದೆ ಸಾಹೇಬನನ್ನೂ ಬಿಡಲಾರದೆ ಪಾಯಪ್ಪ ಒಂದು ಹಗಲೆಲ್ಲ ಒದ್ದಾಡಿ, ತನ್ನ ಕಟ್ಟಿಗೆ ಅಡ್ಡೆಯ ಗರಗಸದ ಪುಡಿಯನ್ನು ಪರಾತಕ್ಕೆ ತುಂಬಿ, ಮೇಲೆ ಹಳೆಯ ಹುಲ್ಲಿನ ಒಂದು ತುಂಡಿಟ್ಟ. ದಿನದಿನಕ್ಕೆ ತುಂಡು ಚಿಕ್ಕದು ಮಾಡುತ್ತ ಬಂದ. ಕೊನೆಗೆ ನಾಯಿ ಬರೀ ಪುಡಿಗೇ ಒಗ್ಗಿತು. ಹಿತ್ತಲ ಬಾಗಿಲಿನ ಒಳಪಕ್ಕದ ಕಟ್ಟಿಗೆ ಕೋಣೆಯಿಂದ ಸೌದೆಯನ್ನೆಲ್ಲ ಹೊರಗೆ ಹಾಕಿಸಿ, ಪರಾತವನ್ನು ಅಲ್ಲಿಟ್ಟು, ಬಾಗಿಲಿಗೆ ಹೊರಗಿನಿಂದ ಹೊಸ ಚಿಲಕ ಜಡಿಸಿದ.

"ಬುದ್ಧಿ ಓಡಿಸಿದರ ಆಗದ್ದು ಏನೈತಿ?" ಎಂದು ಮೀಸೆ ತೀಡಿಕೊಂಡಿದ್ದ.

ದಿನವೂ ಪರಾತದ ಹೊಲಸನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿ ಬರುವವಳು ಚಂಪಾಬಾಯಿ. ಮೇಲೆ ಪುಡಿ, ಒಲೆಯ ಬೂದಿ ಎಳೆದರೆ ವಾಸನೆ ಏಳುವುದಿಲ್ಲವೆಂಬುದು ಅವಳಿಗೆ ಮಾಡುತ್ತ ಮಾಡುತ್ತ ತಿಳಿದಿತ್ತು. ಮೊದಮೊದಲು ಬೀದಿಯ ಹೆಂಗಸರು ನಕ್ಕರು. ಆಮೇಲೆ ಅವಳ ಬುಟ್ಟಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇದೆಲ್ಲದರ ನಡುವೆ ಮಗಳು ರಾಜಮತಿ ಚೊಚ್ಚಲ ಬಾಣಂತನಕ್ಕೆಂದು ಬೆಳಗಾವಿಯಿಂದ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಮಠ ಗಲ್ಲಿಯ ಅವಳ ಅತ್ತೆಯ ಮನೆಯಲ್ಲಿ ಹಿತ್ತಲಿಗೆ ಹೊಂದಿ ಸಂಡಾಸವಿತ್ತು. ಇಲ್ಲಿ ಇರಲಿಲ್ಲ. ಇಲ್ಲಿ ಹೆಂಗಸರು ಹೊತ್ತು ಮೂಡುವ ಮೊದಲು ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಹಳ್ಳದ ಕಡೆಯ ಗಿಡಗಂಟಿಗೆ ಹೋಗಬೇಕು. ನಡುವೆ ಎಷ್ಟೇ ಬಂದರೂ ತಡೆಯಬೇಕು. ಅದಕ್ಕೆಂದೇ ಮಧ್ಯಾಹ್ನದ ಮೇಲೆ ನೀರು ಕುಡಿಯದಿರುವುದನ್ನು ಚಂಪಾಬಾಯಿ ಮದುವೆಯಾಗಿ ಬಂದ ವರ್ಷವೇ ಅತ್ತೆಯಿಂದ ಕಲಿತಿದ್ದಳು. ಹೊತ್ತು ಮುಳುಗಿದ ಮೇಲೆ ನೀರು ಮುಟ್ಟದ ವ್ರತ ಹೇಗೂ ಇತ್ತಲ್ಲ, ಅದು ಹೀಗೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಮಧ್ಯಾಹ್ನಕ್ಕೆ ಬಂದು ನಿಂತಿತ್ತು. ಊರವರು ಅದನ್ನು ಅವಳ ಧರ್ಮನಿಷ್ಠೆ ಎನ್ನುತ್ತಿದ್ದರು.

ಆವತ್ತು ಜರಡಿ ಹಿಡಿದ ಪುಡಿಯನ್ನು ಪರಾತಕ್ಕೆ ಸುರಿದು ಕೈ ತೊಳೆಯುವಷ್ಟರಲ್ಲಿ ಭರಮವ್ವ ತಂಬಿಗೆ ಹಿಡಿದು ಹಿತ್ತಲಿಗೆ ಬಂದಳು. ಕತ್ತಲಿಳಿಯುತ್ತಿತ್ತು.

"ಬಾಯಾರ, ನಡೀರಿ. ನಮ್ಮ ದರಬಾರ ತುಂಬೂ ಹೊತ್ತಾತು," ಎಂದಳು. ಒಳಗೆ ನಾಯಿಯ ಕಡೆ ಇಣುಕಿ, "ಏನವಾ ಮಡ್ಡಮ್ಮಾ, ನಿಂದು ಆತೋ? ನಿನಗೇನ, ಅರಮನಿ ಕಟ್ಟಿಸ್ಯಾರ. ಮುಂದಿನ ಜನ್ಮದಾಗ ನನ್ನನ್ನೂ ಸಾಹೇಬನ ಮನಿ ನಾಯಿ ಮಾಡಪಾ ದೇವರ," ಎಂದು ಕೈ ಜೋಡಿಸಿದಳು.

ರಾಜಮತಿ ನಕ್ಕಳು. "ಭರಮವ್ವಾ, ನಾಯಿ ಆದರ ನಿನಗ ಎಲಿ ಅಡಿಕಿ ಸಿಗೂದಿಲ್ಲ ನೋಡ."

"ಹಂಗಾದ್ರ ಬ್ಯಾಡ ಬಿಡವಾ. ತಂಬಿಗಿನ ಇರಲಿ."

ಮೂವರೂ ಕಂದೀಲು ಹಿಡಿದು ಹೊರಟರು. ಗಿಡಗಂಟಿಗಳ ಹತ್ತಿರ ಭರಮವ್ವ ಕಲ್ಲಿನಿಂದ ತಂಬಿಗೆಗೆ ಬಡಿದು ಸದ್ದು ಮಾಡಿದಳು. ರಾಜಮತಿ ಒಂದು ಕೈಯಿಂದ ಸೊಂಟ ಹಿಡಿದು, ಒಂದು ಕೈಯಿಂದ ತಾಯಿಯ ಭುಜ ಹಿಡಿದು, ಕೂರುವುದಕ್ಕೆ ಸಮತಟ್ಟು ಜಾಗ ಹುಡುಕುತ್ತಿದ್ದಳು. ಆಗ ಹಳ್ಳದ ಆಚೆಯಿಂದ ಕಟ್ಟಿಗೆ ಕೊಯ್ಯುವ ಸದ್ದು ಕೇಳಿತು. ಗರಗಸ ಎಳೆದಂತೆ, ಬಿಟ್ಟಂತೆ, ಮತ್ತೆ ಎಳೆದಂತೆ.

"ಅಪ್ಪನ ಅಡ್ಡ್ಯಾಗ ಇನ್ನೂ ಕೆಲಸ ನಡದೈತೇನ?" ಎಂದಳು ರಾಜಮತಿ.

ಚಂಪಾಬಾಯಿಗೂ ಹಾಗೆಯೇ ಅನ್ನಿಸಿತ್ತು. ಹುಟ್ಟಿದಂದಿನಿಂದ ಗರಗಸದ ಸದ್ದು ಕೇಳಿದ ಮಗಳು, ಮೂವತ್ತು ವರ್ಷ ಅದನ್ನೇ ಕೇಳಿದ ತಾಯಿ. ಬೇರೆ ಏನೆಂದುಕೊಂಡಾರು? ಆದರೆ ಭರಮವ್ವ ತಂಬಿಗೆ ಬಡಿಯುವುದನ್ನು ನಿಲ್ಲಿಸಿದ್ದಳು.

"ಅಡ್ಡಾ ಊರ ಆ ಬಾಜು ಐತಿ, ರಾಜಕ್ಕಾ," ಎಂದಳು ಮೆಲ್ಲಗೆ. "ಇದು ಈ ಬಾಜು ಬರಾಕತ್ತೈತಿ. ನನ್ನ ಕರಿಯನ್ನ ಒಯ್ದಾಗೂ ಹಿಂಗಽ ಕೊಯ್ದಂಗ ಕೂಗಿತ್ತು."

ಓಡಬಾರದೆಂದು ಭರಮವ್ವ ಇಬ್ಬರನ್ನೂ ಮುಂದೆ ಹಾಕಿಕೊಂಡು, ತಾನು ಹಳ್ಳದ ಕಡೆ ಮುಖ ಮಾಡಿ ತಂಬಿಗೆ ಬಡಿಯುತ್ತ ನಡೆಸಿಕೊಂಡು ಬಂದಳು. ಮನೆ ಮುಟ್ಟುವವರೆಗೆ ಮಗಳ ಉಗುರುಗಳು ಚಂಪಾಬಾಯಿಯ ಭುಜಕ್ಕೆ ನಾಟಿಕೊಂಡೇ ಇದ್ದವು. ಹೋದ ಕೆಲಸ ಆಗಿರಲಿಲ್ಲ.

ಪಾಯಪ್ಪ ಪಡಸಾಲೆಯ ತೂಗುಮಂಚದಲ್ಲಿದ್ದ. ಚಂಪಾಬಾಯಿ ಕಂದೀಲನ್ನು ಕೆಳಗಿಡಲೂ ಇಲ್ಲ.

"ಹಳ್ಳದ ದಂಡ್ಯಾಗ ಚಿರತಿ ಬಂದಿತ್ರೀ. ಹೊಟ್ಟಿಲೆ ಇದ್ದ ಹುಡುಗಿನ್ನ ಅದರ ಬಾಯಿ ಮುಂದ ಕುಂದರಸಾಕ ಒಯ್ದಿದ್ನಿ ನಾ."

ಪಾಯಪ್ಪ ಗಾಬರಿಯಾಗಿ ಎದ್ದ. ಅವನ ಮೊದಲ ಮಾತು, "ಹಿತ್ತಲ ಬಾಗಲಾ ಹಾಕೀಯೇನ? ನಾಯಿ ಒಳಗ ಐತಿಲ್ಲ?"

ಚಂಪಾಬಾಯಿ ಕಂದೀಲನ್ನು ಅವನ ಮುಖದ ಮಟ್ಟಕ್ಕೆ ಎತ್ತಿದಳು.

"ನಾಯಿ ಒಳಗ ಐತ್ರಿ," ಎಂದಳು. "ಹೊರಗ ಇದ್ದಾಕಿ ನಿಮ್ಮ ಮಗಳು."

"ಆಕಿ ಬಂದಾಳಲ್ಲ ಮತ್ತ! ಅದು ಸಾಹೇಬರ ಜೀವ. ನಾಳಿ ಬಂದು ನನ್ನ ನಾಯಿ ಎಲ್ಲಿ ಅಂದ್ರ ಏನ ಹೇಳಲಿ?"

"ಅಳಿಯ ಬಂದು ನನ್ನ ಹೇಣ್ತಿ ಎಲ್ಲಿ ಅಂದ್ರ ಏನ ಹೇಳ್ತೀರಿ?"

"ಹೊತ್ತ ಮುಣಗಿದ ಮ್ಯಾಲ ಅಭದ್ರ ಮಾತಾಡಬ್ಯಾಡ. ನಾಕ ಮಂದಿ ಕೂಡಿ ಹೋಗ್ತೀರಿ, ಕಂದೀಲ ಇರ್ತೈತಿ. ಚಿರತಿ ಮನಶ್ಯಾರ ಗೊಡವಿಗೆ ಬರೂದಿಲ್ಲ, ಅದರ ಕಣ್ಣೆಲ್ಲ ನಾಯಿ ಮ್ಯಾಲ. ನಮ್ಮವ್ವ ಎಂಟ ಹಡದಾಕಿ, ಹಿಂಗಽ ಹೋಗಿ ಬರತಿದ್ಲು."

ಎಂಟು ಹಡೆದವಳಿಗೆ ಉಳಿದವರು ಮೂವರು. ಅದನ್ನು ಚಂಪಾಬಾಯಿ ಹೇಳಲಿಲ್ಲ. ಹೇಳಬೇಕಾದ್ದನ್ನು ಹೇಳಿದಳು. "ಹಿತ್ತಲದಾಗ ಕುಂದ್ರಾಕ ಒಂದು ತಟ್ಟಿ ಕಟ್ಟಸ್ರಿ. ಹುಡುಗಿ ಹಡದು ಹೋಗೂತನಾ ಸಾಕು."

"ದೇವರ ಕೋಣಿ ಬೆನ್ನಿಗೆ ಸಂಡಾಸ ಕಟ್ಟಸ್ತಾರೇನ? ಮಂದಿ ಬಾಯಾಗ ಏನ ಬೀಳೂಣು? ಮತ್ತ ಅದನ್ನ ಎತ್ತಾಕ ಯಾರ ಬರ್ತಾರ ಈ ಊರಾಗ?"

"ನಾಯಿದು ಎತ್ತಾಕ ಯಾರ ಬರ್ತಾರ್ರೀ?"

"ಅದಕ್ಕ ನೀ ಅದಿಯಲ್ಲ," ಎಂದ ಪಾಯಪ್ಪ. ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ಕುಚೋದ್ಯವಿರಲಿಲ್ಲ. ನಿಜವಾದ ಉತ್ತರ ಕೊಟ್ಟೆನೆಂಬ ಸಮಾಧಾನವಿತ್ತು. ಮತ್ತೆ ಮಂಚದ ಮೇಲೆ ಕೂತು, "ನಾಳಿ ಮುಂಜಾನಿ ಗಾಡಿಗೆ ಬೆಳಗಾವಿಗೆ ಹೋಗಾವ ಅದೀನಿ. ರಾಜಮತಿಗೆ ದಾಳಿಂಬರಿ ತರ್ತೀನಿ. ಆಕಿ ಯಾಕೋ ಸೊರಗ್ಯಾಳ," ಎಂದ.

ಅವನು ಕೆಟ್ಟವನಾಗಿದ್ದರೆ ಚಂಪಾಬಾಯಿಗೆ ಸುಲಭವಾಗುತ್ತಿತ್ತು. ದಾಳಿಂಬೆ ತರುತ್ತಾನೆ, ಖರೆ. ಮಗಳು ಸೊರಗಿದ್ದೂ ಕಾಣುತ್ತದೆ. ಬೂದಿ, ಉಸುಕು, ಹುಲ್ಲು, ಪುಡಿ ಎಂದು ಒಂದು ಬಿಟ್ಟರೆ ಇನ್ನೊಂದು ಹುಡುಕುವ ತಲೆಯೂ ಇದೆ. ಆದರೆ ಆ ತಲೆ ಹೆಂಗಸರ ಕಡೆಗೆ ತಿರುಗುವುದಿಲ್ಲ. ಅವಳು ಬಂದ ಮೂವತ್ತು ವರ್ಷದಲ್ಲಿ ಒಂದು ಸಲವೂ ತಿರುಗಿಲ್ಲ. ನಾಯಿ ಬಾಗಿಲಿಗೆ ಬಂದು ಕುಂಯ್ ಎಂದರೆ ಅವನಿಗೆ ಕೇಳುತ್ತದೆ. ಹೆಂಗಸರು ಕುಂಯ್ ಎನ್ನುವುದಿಲ್ಲ, ತಡೆದುಕೊಳ್ಳುತ್ತಾರೆ. ತಡೆದುಕೊಂಡದ್ದಕ್ಕೆ ಮರ್ಯಾದೆ ಎಂದು ಹೆಸರಿಟ್ಟು ಸುಮ್ಮನಾಗಿದ್ದಾನೆ. ನಾನೂ ಸುಮ್ಮನಾಗಿದ್ದೆ, ಎಂದುಕೊಂಡಳು.

ಬೆಳಗಾಯಿತು. ಕತ್ತಲಿರುವಾಗ ರಾಜಮತಿ ಹೊರಗೆ ಹೋಗಲು ಏಳಲೇ ಇಲ್ಲ, "ನನಗ ಬಂದಿಲ್ಲವ್ವಾ" ಎಂದು ಗೋಡೆಯ ಕಡೆ ಹೊರಳಿದಳು. ಪಾಯಪ್ಪ ಸ್ಟೇಶನ್ನಿಗೆ ಹೋದಮೇಲೆ ಚಂಪಾಬಾಯಿ ಸೋಸಿದ ನೀರಿನ ತಾಮ್ರದ ಚರಿಗೆಯನ್ನು ಮಗಳ ಹತ್ತಿರವಿಟ್ಟು ಒಲೆಯ ಮುಂದೆ ಕುಳಿತಳು. ಈಚೆಗೆ ಚರಿಗೆ ದಿನವೂ ಬರಿದಾಗುತ್ತಿತ್ತು. ಒಂದೇ ಸಮಾಧಾನ, ಹುಡುಗಿ ನೀರಾದರೂ ಕುಡಿಯುತ್ತಾಳಲ್ಲ ಎಂದುಕೊಂಡಿದ್ದಳು. ಆದರೆ ಪಾದಗಳು ಬಾತಿದ್ದವು, ತುಟಿಗಳು ಒಡೆದಿದ್ದವು. ಕುಡಿದವಳ ತುಟಿ ಹಾಗಿರುತ್ತದೆಯೇ?

ಒಲೆಗೆ ಕಟ್ಟಿಗೆ ತರಲೆಂದು ಎದ್ದು ಹಿತ್ತಲ ಪಡಸಾಲೆಯ ಕಡೆ ಹೋದವಳು ಬಾಗಿಲಲ್ಲೇ ನಿಂತಳು. ರಾಜಮತಿ ಗೋಡೆ ಹಿಡಿದು ಬಗ್ಗಿ, ಚರಿಗೆಯ ನೀರನ್ನೆಲ್ಲ ನಾಯಿಯ ಬಟ್ಟಲಿಗೆ ಸುರಿಯುತ್ತಿದ್ದಳು. ನಾಯಿ ಲಪಲಪ ಕುಡಿಯುತ್ತಿತ್ತು.

"ರಾಜೀ, ಏನ ಮಾಡಾಕತ್ತಿ?"

ಮಗಳು ಬೆಚ್ಚಿದಳು. ಆಮೇಲೆ, ಕದ್ದು ಸಿಕ್ಕವಳಂತೆ ಅಲ್ಲ, ದಣಿದವಳಂತೆ ಹೇಳಿದಳು.

"ಇದು ಕುಡೀಲಿ ಬಿಡವ್ವಾ. ಇದಕ್ಕರ ಒಳಗ ಜಾಗಾ ಐತಿ."

ನಾಯಿ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡಂತೆ ನಾಲಗೆ ಆಡಿಸಿ, ತನ್ನ ಕೋಣೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಪುಡಿ ಕೆದರುವ ಸದ್ದು ಕೇಳಿತು. ತಾಯಿ ಮಗಳು ಇಬ್ಬರೂ ಆ ಸದ್ದನ್ನು ಕೇಳುತ್ತ ನಿಂತಿದ್ದರು.

ಚಂಪಾಬಾಯಿ ಮಗಳನ್ನು ಕೈಹಿಡಿದು ಒಳಗೆ ಕೂರಿಸಿದಳು. ಹಿತ್ತಲ ಪಡಸಾಲೆಗೆ ಬಂದು ಕಟ್ಟಿಗೆ ಕೋಣೆಯ ಬಾಗಿಲಲ್ಲಿ ನಿಂತು ಮೊದಲ ಸಲ ನೋಡುವವಳಂತೆ ನೋಡಿದಳು. ಗಟ್ಟಿ ಗೋಡೆ. ಮೇಲೆ ಬೆಳಕಿಗೊಂದು ಗವಾಕ್ಷಿ. ಮಣ್ಣಿನ ನೆಲ. ಬಾವಿಗೆ ಹೊಲಸು ತಾಕುವುದಿಲ್ಲ, ಅದು ಇರುವುದು ಮನೆಯ ಮುಂದಿನ ಅಂಗಳದಲ್ಲಿ. ಅಟ್ಟದ ಮೇಲೆ ಕಂದೀಲಿನ ಘಾಸಲೇಟ್ ಎಣ್ಣೆಯ ಖಾಲಿ ಡಬ್ಬಿಗಳಿವೆ. ಕೂರಲು ಎರಡು ಹಲಗೆ ಬೇಕು, ಕಟ್ಟಿಗೆಯವನ ಮನೆಯಲ್ಲಿ ಹಲಗೆಗೇನು ಬರ? ಪುಡಿ ಇದೆ, ಬೂದಿ ಇದೆ. ಬುಟ್ಟಿಯೊಂದು ದಿನವೂ ತಿಪ್ಪೆಗೆ ಹೋಗುತ್ತದೆ. ಅದರೊಳಗೆ ಯಾರದು ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ. ಎತ್ತಾಕ ನೀ ಅದಿಯಲ್ಲ, ಎಂದಿದ್ದ ಗಂಡ. ಹೌದು, ನಾನಿದ್ದೇನೆ. ತೊಟ್ಟಿಲಲ್ಲಿದ್ದಾಗ ಮಗಳದನ್ನು ಎತ್ತಿದವಳೂ ನಾನೇ.

ನಾಯಿಯ ಪರಾತವನ್ನು ಎತ್ತಿ ತಂದು ಪಡಸಾಲೆಯ ಮೂಲೆಯಲ್ಲಿ, ತೂಗುಮಂಚದ ಹಿಂದೆ ಇಟ್ಟಳು. ಪೆಗ್ಗಿ ಬಾಲ ಆಡಿಸುತ್ತ ಹಿಂದೆ ಬಂತು. ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಸಂಜೆ ಪಾಯಪ್ಪ ದಾಳಿಂಬೆಯ ಗಂಟು ಹಿಡಿದು ಬಂದಾಗ ಚಂಪಾಬಾಯಿ ಹಿತ್ತಲ ಪಡಸಾಲೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಒಂದು ಬುಟ್ಟಿ ತುಂಬಿ ಪಕ್ಕಕ್ಕಿತ್ತು. ಇನ್ನೊಂದು ತುಂಬುತ್ತಿತ್ತು.

"ಪರಾತ ಯಾಕ ಮುಂದ ತಂದಿಟ್ಟಿ?"

"ಹಿಂದ ಚಿರತಿ ಬರ್ತೈತ್ರಿ. ಸಾಹೇಬರ ಜೀವ, ನಿಮ್ಮ ಕಣ್ಣ ಮುಂದಽ ಇರಲಿ."

ಅವನಿಗೆ ಅದು ಸರಿಯೆನಿಸಿತು. ತಲೆಯಾಡಿಸಿದ. ಹೋಗುತ್ತ ಹೋಗುತ್ತ ತಿರುಗಿ, "ಇಷ್ಟ ಪುಡಿ ಯಾಕ? ನಾಯಿ ಒಂದಽ ಐತೆಲ್ಲ," ಎಂದ.

"ಹೂಂ," ಎಂದಳು ಚಂಪಾಬಾಯಿ.

ಒಳಗೆ ರಾಜಮತಿ ಚರಿಗೆ ಎತ್ತಿ ಗಟಗಟ ನೀರು ಕುಡಿಯುವುದು ಕೇಳುತ್ತಿತ್ತು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಚಂಪಾಬಾಯಿ ಡಬ್ಬಿ, ಹಲಗೆ ಇಟ್ಟಾಗಿದ್ದ ಕಟ್ಟಿಗೆ ಕೋಣೆಯ ಬಾಗಿಲನ್ನು ನೋಡಿದಳು. ಚಿಲಕ ಇನ್ನೂ ಹೊರಗಡೆಯೇ ಇತ್ತು. ನಾಯಿಗೆ ಅಷ್ಟು ಸಾಕಾಗಿತ್ತು. ನಾಳೆ ಅದನ್ನು ಕಿತ್ತು ಒಳಗಡೆ ಜಡಿಯಬೇಕು. ರಾಜಮತಿ ಹಡೆದು ಹೋದಮೇಲೂ ಅದು ಒಳಗಡೆಯೇ ಇರಬೇಕು, ಸಾಹೇಬ ಬಂದು ನಾಯಿ ಒಯ್ದ ಮೇಲೂ. ಜರಡಿಯಲ್ಲಿ ಉಳಿದ ಸಿಬರನ್ನು ಕೊಡವಿ, ಅವಳು ಇನ್ನೊಂದು ಹಿಡಿ ಪುಡಿ ಹಾಕಿಕೊಂಡಳು.