ನನಗಿಟ್ಟ ಎಡೆ

ಮಾಡಿನ ಗಾಜಿನ ಹೆಂಚಿನಿಂದ ತಟ್ಟೆಯಗಲದ ಬಿಸಿಲು ಬಾಣಂತಿ ಕೋಣೆಯ ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಗೋಡೆಯ ಬುಡದಲ್ಲಿರುತ್ತಿದ್ದ ಅದು ತೆವಳುತ್ತ ತೆವಳುತ್ತ ಮಧ್ಯಾಹ್ನದ ಹೊತ್ತಿಗೆ ಮಗುವಿನ ಹಾಸಿಗೆಗೆ ಬರುತ್ತಿತ್ತು. ಮುಖದ ಮೇಲೆ ಬಿಸಿಲು ಬಿದ್ದೊಡನೆ ಮಗು ಮೂಗು ಕಿವುಚಿ ಅಳಲು ತೊಡಗುತ್ತಿತ್ತು. ಹಾಸಿಗೆಯನ್ನು ಒಂದಿಷ್ಟು ಈಚೆಗೆ ಎಳೆದಿದ್ದರೆ ಆಗುತ್ತಿತ್ತು. ನಾನು ಗೋಡೆಗೊರಗಿ ಕೂತು ನೋಡುತ್ತಿದ್ದೆ; ಕೈ ಏಳುತ್ತಿರಲಿಲ್ಲ. ಆ ಅಳು ಎಲ್ಲೋ ಪಕ್ಕದ ಬೀದಿಯಿಂದ ಬರುತ್ತಿದೆ ಅನ್ನಿಸುತ್ತಿತ್ತು.

ಅದು ನನ್ನ ಚೊಚ್ಚಲು. ನಾನು ಚಿಕ್ಕವಳಿರುವಾಗಲೇ ತಾಯಿ ತೀರಿಕೊಂಡಿದ್ದರಿಂದ ಗಂಡನ ಮನೆಯಲ್ಲೇ ಬಾಣಂತನವಾಯಿತು. ಮಾಡಿದವರು ನನ್ನ ಗಂಡನ ಅಕ್ಕ ದೇವೀರಮ್ಮ. ಮದುವೆಯಾದ ಸ್ವಲ್ಪ ದಿನಕ್ಕೇ ವಿಧವೆಯಾಗಿ ತಮ್ಮನ ಮನೆಗೆ ಬಂದು ನಿಂತವರು, ಮಕ್ಕಳಿರಲಿಲ್ಲ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ನನ್ನ ಗಂಡ ನಂಜುಂಡ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಕಷ್ಟ ಬಂದಾಗ ಮಾತು ಹೊರಡದೆ ಸುಮ್ಮನೆ ನಿಂತುಬಿಡುತ್ತಿದ್ದರು.

ಹೆತ್ತ ಮೇಲೆ ನನ್ನ ನಿದ್ದೆ ಹೋಯಿತು. ಆಮೇಲೆ ಹಸಿವು ಹೋಯಿತು. ನಿನ್ನ ಹಾಲೇ ಮಗುವಿಗೆ ವಿಷ ಎಂದು ಯಾರೋ ಕಿವಿಯ ಹತ್ತಿರ ಹೇಳುತ್ತಿದ್ದರು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಮಗುವನ್ನು ನೋಡಲು ಬಂದ ಹೆಂಗಸರು ಬಾಣಂತಿ ಸನ್ನಿ ಎಂದು ಗುಸುಗುಟ್ಟಿದರು. ಯಂತ್ರ ಕಟ್ಟಿಸಿ ಎಂದರು, ಬರೆ ಹಾಕಿಸಿ ಎಂದರು. ಅತ್ತಿಗೆ ಬರೆಗೆ ಒಪ್ಪಲಿಲ್ಲ. ‘ಹಸೀ ಮೈ, ಸುಧಾರಿಸಿಕೊಳ್ಳಲಿ’ ಎಂದು ಅವರನ್ನು ಸಾಗಹಾಕಿದರು. ದಿನಾ ಬಿಸಿನೀರೆರೆದರು, ತುತ್ತು ಮಾಡಿ ತಿನ್ನಿಸಿದರು. ನಾನು ಬಾಯಲ್ಲಿಟ್ಟುಕೊಂಡೇ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಬಿಸಿಲು ಮಗುವಿನ ಮುಖಕ್ಕೆ ಬಂದಾಗ ನಾನು ಅದನ್ನು ಎತ್ತಿಕೊಂಡೆ. ಎತ್ತಿಕೊಂಡು ಹಿತ್ತಲ ಬಾವಿಗೆ ಹೋದೆ. ನಾವಿಬ್ಬರೂ ಇಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಎಂಬುದು ಆಗ ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಮನಸ್ಸಿನಲ್ಲಿ ಸಿಟ್ಟಾಗಲಿ ದುಃಖವಾಗಲಿ ಇರಲಿಲ್ಲ. ಮುಗಿಸಬೇಕಾದ ಕೆಲಸವೊಂದು ಉಳಿದಿದೆ ಎಂಬಂತೆ ನಿಂತಿದ್ದೆ.

ಅತ್ತಿಗೆ ಹಿತ್ತಲ ಬಾಗಿಲಿಗೆ ಬಂದರು. ಕೂಗಲಿಲ್ಲ, ಓಡಿಬರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ದಿನದ ನಡಿಗೆಯಲ್ಲೇ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಾಲು ನೀಡಿಕೊಂಡು, ‘ಮಗೀಗೆ ನೀರು ಹಾಕೋ ಹೊತ್ತಾಯ್ತು. ಕೊಡವ್ವ ಇತ್ಲಾಗೆ’ ಎಂದರು.

ನಾನು ಕೊಟ್ಟೆ. ಯಾಕೆ ಕೊಟ್ಟೆನೋ ತಿಳಿಯದು. ಕೊಟ್ಟು ಬಾವಿಕಟ್ಟೆಯ ಕಡೆಗೆ ತಿರುಗಿದೆ. ಮುಂದಿನದು ನನಗೆ ನೆನಪಿಲ್ಲ. ಅವರು ಒಂದು ಕೈಯಲ್ಲಿ ಮಗುವನ್ನು ಅವಚಿಕೊಂಡು ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದು, ನೆರೆಯವರು ಬರುವವರೆಗೂ ಬಿಡಲಿಲ್ಲವಂತೆ.

ನನ್ನನ್ನು ದೂರದ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಿಟಕಿಯ ಸರಳುಗಳಿಂದ ಪಟ್ಟೆ ಪಟ್ಟೆಯಾಗಿ ಬಿಸಿಲು ಬೀಳುತ್ತಿತ್ತು. ಅದು ಹಾಸಿಗೆಯಿಂದ ಹಾಸಿಗೆಗೆ ಸರಿಯುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಒಮ್ಮೆ ಗುಣವಾಯಿತೆಂದು ಕರೆದುಕೊಂಡು ಬಂದರು. ಮಗು ಅಂಬೆಗಾಲಿಟ್ಟು ನನ್ನ ಕಡೆ ಬಂದದ್ದೇ ನನಗೆ ನಡುಕ ಹತ್ತಿತು. ಮತ್ತೆ ಆಸ್ಪತ್ರೆಗೆ ಹೋದೆ. ಹೀಗೆ ವರ್ಷಗಳು ಹೋದವು.

ಬದುಕು ತಿರುಗಿ ಬಂದದ್ದು ಯಾವ ದೊಡ್ಡ ದಾರಿಯಿಂದಲೂ ಅಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ. ದಿನಾ ಬರುತ್ತಿದ್ದ ವಾಸನೆಯೇ ಇರಬೇಕು. ಆವತ್ತು ನನಗೆ ಹಸಿವಾಯಿತು. ಎದ್ದು ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಬಡಿಸುವ ಆಯಾ ನನ್ನ ಮುಖ ನೋಡಿ ಏನೂ ಕೇಳದೆ ಉಪ್ಪಿಟ್ಟು ಹಾಕಿದಳು. ಮೊದಲ ತುತ್ತಿಗೆ ನಾಲಿಗೆಗೆ ಉಪ್ಪು ತಿಳಿಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಕೊಂಡೇ ಉಂಡೆ. ಡಾಕ್ಟರಮ್ಮನಿಗೆ ಹೇಳಿದಾಗ ಆಕೆ ನಕ್ಕು, ಇನ್ನು ನಿಮ್ಮನ್ನು ಹೆಚ್ಚು ದಿನ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ಮಾತ್ರೆ ಮಾತ್ರ ಬಿಡಬಾರದು ಎಂದು ಎಚ್ಚರಿಸಿದರು. ಮಗುವಿನ ಮುಖ ನೋಡಬೇಕು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆ ದಿನಗಳಲ್ಲಿ.

ಅಷ್ಟರಲ್ಲಿ ನನ್ನ ಗಂಡನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರೇ ಕೇಳಿ ಮಾಡಿಸಿಕೊಂಡದ್ದು. ನನ್ನನ್ನು ಕರೆದುಕೊಂಡು ಹೋಗಲು ಬಂದ ಅವರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಊರು ಹತ್ತಿರವಾದಾಗ ಮೆಲ್ಲಗೆ ಹೇಳಿದರು. ಹೊಸ ಊರಿನವರು ಮಗುವಿನ ತಾಯಿ ಎಲ್ಲಿ ಎಂದು ಕೇಳಿದ್ದರಂತೆ. ಹುಚ್ಚಾಸ್ಪತ್ರೆಯಲ್ಲಿದ್ದಾಳೆ ಎಂದರೆ ನಾಳೆ ಹುಡುಗಿಯನ್ನೂ ಹಾಗೆಯೇ ನೋಡುತ್ತಾರೆಂಬ ಹೆದರಿಕೆಯಲ್ಲಿ ಬಾಣಂತನದಲ್ಲೇ ತೀರಿಕೊಂಡಳು ಎಂದುಬಿಟ್ಟಿದ್ದರು. ಮಗುವಿಗೂ ಅದನ್ನೇ ಹೇಳಿದ್ದರು. ‘ಇವತ್ತೇ ಎಲ್ಲ ಸರಿಮಾಡಿಬಿಡ್ತೀನಿ. ನಿಜ ಹೇಳಿಬಿಡ್ತೀನಿ’ ಎಂದರು. ಅವರ ಕಣ್ಣು ತುಂಬಿತ್ತು.

ಮಗಳು ವಾರಿಜಳಿಗೆ ಆಗ ನಾಲ್ಕು ತುಂಬಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅತ್ತಿಗೆಯ ಸೀರೆಯ ನೆರಿಗೆಯಲ್ಲಿ ಮುಖ ಮರೆಸಿಕೊಂಡು, ‘ಅವ್ವ, ಇವರು ಯಾರು?’ ಎಂದು ಕೇಳಿದಳು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ನನ್ನ ಗಂಡ ಚೀಲ ಹಿಡಿದುಕೊಂಡು ನಿಂತೇ ಇದ್ದರು.

ಆ ಮಗು ಅವರ ನೆರಿಗೆಯನ್ನು ಹಿಡಿದಿದ್ದ ರೀತಿಯನ್ನು ನಾನು ನೋಡಿದೆ. ನಿಜ ಹೇಳಿದರೆ ಅಲ್ಲಿಂದ ಆ ಬೆರಳುಗಳನ್ನು ಬಿಡಿಸಬೇಕಾದವಳು ನಾನೇ. ಬಿಡಿಸಿ, ನಿನ್ನನ್ನು ಬಾವಿಯ ಹತ್ತಿರ ಎತ್ತಿಕೊಂಡು ಹೋದ ನಾನೇ ನಿನ್ನ ತಾಯಿ ಎಂದು ಒಂದಲ್ಲ ಒಂದು ದಿನ ಹೇಳಬೇಕು. ಕಾಯಿಲೆ ಮತ್ತೆ ಬಂದರೆ ಅವಳನ್ನು ಇನ್ನೊಮ್ಮೆ ತಬ್ಬಲಿ ಮಾಡಬೇಕು.

‘ನಾನು ನಿನ್ನ ಚಿಕ್ಕವ್ವ’ ಎಂದೆ.

ಊರು ನನ್ನನ್ನು ಮೇಷ್ಟ್ರ ಎರಡನೆಯ ಹೆಂಡತಿ ಎಂದುಕೊಂಡಿತು. ಅತ್ತಿಗೆ ಆವತ್ತು ಊಟ ಮಾಡಲಿಲ್ಲ. ಮರುದಿನ ಟ್ರಂಕು ತುಂಬಿ, ಸತ್ತ ಗಂಡನ ಊರಿಗೆ ಹೋಗುತ್ತೇನೆ, ನಾನಿಲ್ಲದಿದ್ದರೆ ಮಗು ತಾನಾಗಿ ನಿನ್ನ ಕಡೆ ಬರುತ್ತದೆ ಎಂದರು. ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ.

‘ಅವಳಿಗೆ ಅವ್ವ ಇದ್ದಾರೆ ಅತ್ತಿಗೆ. ಇರೋ ಅವ್ವನ್ನ ಕಳಿಸಿ ನಾನು ಏನು ಪಡಕೊಳ್ಳಲಿ?’

‘ಹಂಗಾರೆ ನಿನಗೆ?’ ಎಂದರು ಅವರು.

ಅವರು ನನ್ನ ಪಕ್ಕದಲ್ಲೇ ಕೂತು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಆ ವಿಷಯವನ್ನು ಮತ್ತೆಂದೂ ನಾವು ಆಡಲಿಲ್ಲ.

ಚಿಕ್ಕವ್ವನಾಗಿ ನಾನು ಅವಳಿಗೆ ಜಡೆ ಹಾಕಿದೆ, ಮಗ್ಗಿ ಹೇಳಿಕೊಟ್ಟೆ, ದಡಾರ ಬಂದಾಗ ಬೇವಿನ ಸೊಪ್ಪು ಹಾಸಿದೆ. ಅವಳು ನನ್ನನ್ನು ಇಷ್ಟಪಡುತ್ತಿದ್ದಳು. ಆದರೆ ಬಿದ್ದಾಗ, ಹೆದರಿದಾಗ ಅವಳ ಬಾಯಲ್ಲಿ ಬರುತ್ತಿದ್ದುದು ‘ಅವ್ವಾ’ ಎಂದೇ. ಆ ಕೂಗಿಗೆ ನನ್ನ ಕಾಲು ತಾನಾಗಿ ಏಳುತ್ತಿತ್ತು. ನಾನು ಅದನ್ನು ಅಲ್ಲೇ ನಿಲ್ಲಿಸುತ್ತಿದ್ದೆ.

ಪಿತೃಪಕ್ಷದ ಅಮಾವಾಸ್ಯೆಯ ದಿನ ಮನೆಯಲ್ಲಿ ಸತ್ತವರಿಗೆ ಎಡೆ ಇಡುತ್ತಿದ್ದೆವು. ತುಸು ದೊಡ್ಡವಳಾದ ಮೇಲೆ ವಾರಿಜ, ನನ್ನ ಹೆತ್ತವ್ವನಿಗೂ ಒಂದು ಎಲೆ ಹಾಕಬೇಕು ಎಂದು ಹಟ ಹಿಡಿದಳು. ಅವಳಿಗೆ ಏನು ಇಷ್ಟವಾಗಿತ್ತು ಎಂದು ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನೇ, ಕಜ್ಜಾಯ ಅಂದರೆ ಇಷ್ಟವಂತೆ, ನಿಮ್ಮಪ್ಪ ಹೇಳಿದರು ಎಂದೆ. ಕಜ್ಜಾಯ ಕರಿದವಳೂ ನಾನೇ. ಅವಳು ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ ಕೈಮುಗಿದಳು. ಎಡೆ ಇಟ್ಟು ಬಾಗಿಲು ಮುಚ್ಚಿಕೊಂಡು ನಾವೆಲ್ಲ ಹೊರಗೆ ನಿಂತಾಗ ಅವಳು ನನ್ನ ಸೆರಗು ಎಳೆದು, ‘ಚಿಕ್ಕವ್ವ, ಅವಳು ಬಂದಿರ್ತಾಳಾ?’ ಎಂದು ಕೇಳಿದಳು. ಬಂದಿರ್ತಾಳೆ ಎಂದೆ. ಪ್ರತಿ ವರ್ಷವೂ ಆ ಎಲೆ ಹಾಕಿದೆವು.

ನನ್ನ ಗಂಡ ತೀರಿಹೋದರು. ವಾರಿಜಳಿಗೆ ಮದುವೆಯಾದ ಮರುವರ್ಷ ಅತ್ತಿಗೆಯೂ ಹೋದರು. ಕೊನೆಯ ದಿನಗಳಲ್ಲಿ ಅವರಿಗೆ ಮಾತು ನಿಂತುಹೋಗಿತ್ತು. ವಾರಿಜ ಕೈಹಿಡಿದು ಕೂತಿದ್ದರೆ ಅವರು ಇನ್ನೊಂದು ಕೈಯಿಂದ ನನ್ನನ್ನು ಹುಡುಕಿ, ಅವಳ ಕೈಯನ್ನು ನನ್ನ ಕೈಯಲ್ಲಿಡಲು ನೋಡುತ್ತಿದ್ದರು. ಚಿಕ್ಕವ್ವನನ್ನು ನೋಡಿಕೊ ಎನ್ನುತ್ತಿದ್ದಾರೆ ಎಂದು ಅವಳು ತಿಳಿದಳು.

ಅತ್ತಿಗೆ ಇಲ್ಲದ ಮನೆಗೆ ವಾರಿಜ ಹೆರಿಗೆಗೆ ಬಂದಳು. ಗಂಡು ಮಗುವಾಯಿತು. ಅವಳ ಗಂಡ ಶಶಿಧರ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದ. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ನಾನು ಮಾತ್ರ ಅವಳ ತಟ್ಟೆಯಲ್ಲಿ ಉಳಿದ ಅನ್ನವನ್ನು, ಕಣ್ಣಿನ ಕೆಳಗಿನ ಕಪ್ಪನ್ನು ಕದ್ದು ಕದ್ದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಮಗು ಅಳುವುದು ಕೇಳಿ ಕೋಣೆಗೆ ಹೋದೆ. ಕಿಟಕಿಯ ಬಿಸಿಲು ಮಗುವಿನ ಮುಖದ ಮೇಲೆ ಬಿದ್ದಿತ್ತು. ವಾರಿಜ ಪಕ್ಕದಲ್ಲೇ ಕೂತಿದ್ದಳು. ಅವಳು ನೋಡುತ್ತಿದ್ದುದು ಮಗುವನ್ನಲ್ಲ, ಬಿಸಿಲನ್ನು.

ನಾನು ಮಗುವನ್ನು ಎತ್ತಿಕೊಂಡು ಕಿಟಕಿ ಮುಚ್ಚಿದೆ. ಅವಳ ಎದುರಿಗೆ ಕೂತೆ.

‘ಈ ಮಗೂಗೆ ನಾನು ತಾಯಿ ಆಗಬಾರದಿತ್ತು ಚಿಕ್ಕವ್ವ’ ಎಂದಳು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ‘ನಾನಿಲ್ಲದೆ ಹೋದರೆ ಇದು ಚೆನ್ನಾಗಿ ಬೆಳೆಯುತ್ತೆ.’

‘ನನಗೂ ಹಾಗೇ ಅನ್ನಿಸಿತ್ತು.’

‘ನಿನಗೆ ಮಕ್ಕಳೆಲ್ಲಿ?’

ಹೇಳದೆಯೇ ಇನ್ನಷ್ಟು ವರ್ಷ ಕಳೆಯಬಲ್ಲವಳಾಗಿದ್ದೆ. ಆದರೆ ಅವಳಿಗೆ ಅಷ್ಟು ಹೊತ್ತಿರಲಿಲ್ಲ. ‘ಒಬ್ಬಳಿದ್ದಳು’ ಎಂದು ಶುರುಮಾಡಿದೆ. ನಿದ್ದೆ ಹೋದದ್ದು, ದನಿ ಕೇಳಿದ್ದು, ಬಾವಿ, ಆಸ್ಪತ್ರೆ, ಎಲ್ಲವನ್ನೂ ಹೇಳಿದೆ. ಅದು ಕಾಯಿಲೆ, ನನ್ನ ಗುಣವಲ್ಲ, ಮಾತ್ರೆಗೆ ಬಗ್ಗಿತು, ಒಂದು ದಿನ ನನಗೆ ಮತ್ತೆ ಹಸಿವಾಯಿತು ಎಂದೆ. ‘ನೀನೂ ಗುಣವಾಗ್ತೀಯ. ನಾನು ನೋಡಿದ್ದೀನಿ, ಅದಕ್ಕೆ ಹೇಳ್ತಾ ಇದ್ದೀನಿ.’

‘ಆ ಮಗು ಏನಾಯ್ತು?’

‘ನಿಮ್ಮವ್ವ ಅದನ್ನ ನನ್ನ ಕೈಯಿಂದ ಇಸ್ಕೊಂಡು ಸಾಕಿದ್ರು. ಈಗ ನನ್ನ ಮುಂದೆ ಕೂತಿದೆ.’

ಮಗು ನನ್ನ ಮಡಿಲಲ್ಲಿ ಬೆರಳು ಚೀಪುತ್ತಿತ್ತು. ಆಮೇಲೆ ಅವಳು ಕೇಳಿದ್ದು ಬಾವಿಯ ವಿಷಯವನ್ನಲ್ಲ.

‘ಹಾಗಾದರೆ ಅಷ್ಟು ವರ್ಷ ನಾನು ಎಡೆ ಇಟ್ಟಿದ್ದು ಯಾರಿಗೆ?’

ನಾನು ತಲೆ ತಗ್ಗಿಸಿದೆ.

‘ಬಾಗಿಲು ಮುಚ್ಕೊಂಡು ಹೊರಗೆ ನಿಂತಾಗ ನೀನು ನನ್ನ ಪಕ್ಕದಲ್ಲೇ ಇದ್ದೆ. ಬಂದಿರ್ತಾಳೆ ಅಂದೆ.’ ಅವಳು ನನ್ನ ಕಡೆ ಬಾಗಿದಳು. ‘ಅವ್ವ ಇದ್ದಾಗಲೇ ಹೇಳಿದ್ದರೆ ಇಬ್ಬರನ್ನೂ ಕರೀತಿದ್ದೆನಲ್ಲ.’

ಅದು ನನಗೆ ಎಂದೂ ಹೊಳೆದಿರಲಿಲ್ಲ. ಒಬ್ಬರನ್ನು ಬಿಟ್ಟೇ ಇನ್ನೊಬ್ಬರು ಎಂದು ನಾವು ಮೂವರು ದೊಡ್ಡವರು ಲೆಕ್ಕ ಹಾಕಿದ್ದೆವು. ಮಗುವನ್ನು ಯಾರೂ ಕೇಳಿರಲಿಲ್ಲ. ಅವಳು ಅಳತೊಡಗಿದಳು. ವಾರಗಳಿಂದ ಅವಳು ಅತ್ತಿರಲಿಲ್ಲ. ನಾನು ಮುಟ್ಟಲು ಕೈ ಚಾಚಿದರೆ ದೂರ ಸರಿದಳು.

ಆದರೂ ಮರುದಿನ, ನಾನು ಹೇಳಿಕಳಿಸಿದ ಮೇಲೆ ಶಶಿಧರ ಬಂದು ಕರೆದಾಗ, ಆಸ್ಪತ್ರೆಗೆ ಹೊರಡಲು ತಕರಾರು ಮಾಡಲಿಲ್ಲ. ಅವನಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡು, ಏನು ಬೇಕಾದರೂ ಮಾಡೋಣ ಎಂದಷ್ಟೇ ಅಂದ. ಈ ಸಲ ಡಾಕ್ಟರು ತಾಯಿ ಮಗುವನ್ನು ಬೇರೆ ಮಾಡಲಿಲ್ಲ. ನಾನು ಮಗುವನ್ನು ನೋಡಿಕೊಂಡು ಅಲ್ಲೇ ಉಳಿದೆ. ಮೊದಲ ವಾರಗಳಲ್ಲಿ ವಾರಿಜ ಗೋಡೆಯ ಕಡೆಗೆ ತಿರುಗಿ ಮಲಗಿರುತ್ತಿದ್ದಳು. ಕಾಯಿಲೆಗೋ ನನ್ನ ಮೇಲಿನ ಸಿಟ್ಟಿಗೋ ಗೊತ್ತಾಗುತ್ತಿರಲಿಲ್ಲ. ನಿಧಾನವಾಗಿ ನಿದ್ದೆ ಬಂತು. ಒಂದು ದಿನ ಮಗು ಆಕಳಿಸಿದ್ದನ್ನು ನೋಡಿ, ನೋಡು, ಥೇಟ್ ಅಪ್ಪನ ಹಾಗೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಮನೆಗೆ ಬಂದ ಮೇಲೆ ಅವಳು ನನ್ನನ್ನು ಚಿಕ್ಕವ್ವ ಎನ್ನುವುದನ್ನು ಬಿಟ್ಟಳು. ಬೇರೇನೂ ಕರೆಯಲಿಲ್ಲ. ಬೇಕಾದ್ದನ್ನು ಎದುರಿಗೆ ಬಂದು ನಿಂತು ಕೇಳುತ್ತಿದ್ದಳು. ನಾನು ಒಳಗಿದ್ದರೆ ಒಳಗೆ ಬರುತ್ತಿದ್ದಳು, ದೂರದಿಂದ ಕೂಗುತ್ತಿರಲಿಲ್ಲ. ಅವಳ ಬಾಯಲ್ಲಿ ನನಗೊಂದು ಹೆಸರಿಲ್ಲದೆ ಹೋಯಿತು. ಅದನ್ನು ಕೇಳುವ ಹಕ್ಕೂ ನನಗಿರಲಿಲ್ಲ. ಅವಳು ಉಂಡಳು, ಮಲಗಿದಳು, ಮಗುವಿಗೆ ಹಾಲೂಡಿಸಿದಳು. ಅಷ್ಟನ್ನು ಕಣ್ತುಂಬ ನೋಡಿದೆ.

ಒಂದು ಸಂಜೆ ನಾನು ಜಗುಲಿಯ ಮೇಲೆ ಕೂತಿದ್ದೆ. ಅವಳು ನಿದ್ದೆಹೋದ ಮಗುವನ್ನು ಎತ್ತಿಕೊಂಡು ಬಂದು, ನನ್ನ ಪಕ್ಕದಲ್ಲಿ ತುಸು ಹೊತ್ತು ನಿಂತು, ಬಾಗಿ ಅದನ್ನು ನನ್ನ ತೋಳಿನ ಮೇಲೆ ಮಲಗಿಸಿದಳು. ಕುತ್ತಿಗೆ ವಾಲದಂತೆ ನನ್ನ ಮೊಣಕೈಯನ್ನು ತಾನೇ ಸರಿಪಡಿಸಿದಳು. ‘ಒಂದು ಗಳಿಗೆ ಹಿಡ್ಕೊಂಡಿರು, ಮುಖ ತೊಳ್ಕೊಂಡು ಬರ್ತೀನಿ’ ಎಂದು ಒಳಗೆ ಹೋದಳು. ಬಚ್ಚಲಲ್ಲಿ ನೀರು ಮೊಗೆದುಕೊಳ್ಳುವ ಸದ್ದು ಕೇಳಿಸಿತು. ಬೀದಿಯಲ್ಲಿ ದೀಪಗಳು ಹತ್ತಿಕೊಂಡವು. ನನ್ನ ತೋಳು ಜೋಮು ಹಿಡಿಯಿತು. ಮಗು ಎಚ್ಚರಗೊಂಡೀತೆಂದು ನಾನು ಅಲುಗಾಡಲಿಲ್ಲ.