ಮಾಳಕ್ಕನ ಮಟ್ಟು ಕೇಳಿದ ಟೇಪ್ ರೆಕಾರ್ಡರ್

ನಾನು ಒಂದು ಟೇಪ್ ರೆಕಾರ್ಡರ್. ಬೆಂಗಳೂರಿನ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ, ಸಾಲಾಗಿ ಕೂತ ಹೆಂಗಸರ ಕೈಯಲ್ಲಿ ಹುಟ್ಟಿದೆ. ಒಬ್ಬಳು ಬೆಸುಗೆಯ ಹೊಗೆಗೆ ಕೆಮ್ಮುತ್ತಲೇ ನನಗೆ ಕಿವಿ, ಅಂದರೆ ಮೈಕು, ಕೂರಿಸಿದಳು. ಹಣೆಯ ಮೇಲೆ ಕಂಪನಿಯ ಹೆಸರನ್ನು ಬೆಳ್ಳಿ ಅಕ್ಷರದಲ್ಲಿ ಅಂಟಿಸಿದರು. ಅವಳ ಹೆಸರನ್ನು ಯಾರೂ ಎಲ್ಲೂ ಬರೆಯಲಿಲ್ಲ. ಲೋಕದ ಪದ್ಧತಿಯೇ ಹೀಗಿರಬೇಕು ಎಂದು ಸುಮ್ಮನಾದೆ.

ನನ್ನನ್ನು ಕೊಂಡವರು ಪದ್ಮನಾಭಯ್ಯ, ಚಿತ್ರದುರ್ಗದ ಕಡೆಯ ಒಂದು ಕಾಲೇಜಿನ ಕನ್ನಡ ಮೇಷ್ಟ್ರು. ಕುಣಿತದ ಮಟ್ಟುಗಳನ್ನು ಹುಡುಕುವ ಹುಚ್ಚು ಅವರಿಗೆ. ನನ್ನನ್ನು ಹೆಗಲಿಗೆ ನೇತುಹಾಕಿಕೊಂಡು, ಬಸ್ಸು ಸಿಕ್ಕಲ್ಲಿ ಬಸ್ಸು, ಇಲ್ಲದ ಕಡೆ ನಡಿಗೆ, ಮೌರಿ ಮತ್ತು ತಮಟೆಯ ಸದ್ದು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಿದ್ದರು. ಮೌರಿ ಎಂದರೆ ಗಾಳಿ ಊದಿ ನುಡಿಸುವ ವಾದ್ಯ. ಊದುವವರು ಯಾವಾಗಲೂ ಊರ ಹೊರಗಿನ ಕೇರಿಯವರು. ಆ ಸೀಮೆಯಲ್ಲಿ ಮಟ್ಟುಗಳಿಗೂ ಸೊಸೆಯರ ಪಾಡು. ಗಡಿ ದಾಟಿದ ಕೂಡಲೇ ಹೊಸ ಮನೆಯವರು ಹೊಸ ಹೆಸರಿಡುತ್ತಿದ್ದರು.

ಒಂದೂರಿನಲ್ಲಿ ‘ದಿಬ್ಬಣದ ಮಟ್ಟು’ ಸಿಕ್ಕಿತು. ಇನ್ನೊಂದೂರಿನ ಕೋಲಾಟದವರು ‘ಮೂರನೇ ಕೋಲು’ ಕೊಟ್ಟರು. ಹಾಲೇಗೊಂಡನಹಳ್ಳಿಯ ಗೌಡರ ಪಡಸಾಲೆಯಲ್ಲಿ ‘ಗೌಡರ ಹೆಜ್ಜೆ’. ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಮಟ್ಟು ನುಡಿಯುವಾಗ ನನ್ನನ್ನು ಓಡಿಸುವರು, ಜನ ಮಾತಿಗೆ ಶುರುವಿಟ್ಟರೆ ಪಾಜ್ ಗುಂಡಿ ಒತ್ತುವರು. ಆಗ ಟೇಪು ನಿಲ್ಲುತ್ತದೆ, ನನ್ನ ಕಿವಿ ಮಾತ್ರ ತೆರೆದೇ ಇರುತ್ತದೆ. ಆದರೆ ಗೌಡರು ಬಾಯಿ ತೆರೆದಾಗ ಗುಂಡಿ ಒತ್ತಲು ಮೇಷ್ಟ್ರಿಗೆ ಕೈ ಬರಲಿಲ್ಲ. ದೊಡ್ಡವರು ಮಾತಾಡುವಾಗ ತಡೆಯುವುದು ಹೇಗೆ? ಇದು ತಮ್ಮ ತಾತ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ಠೀವಿಗೆ ಹುಟ್ಟಿದ ಮಟ್ಟು ಎಂದು ಅವರು ಹೇಳಿದ್ದೂ, ನಡುನಡುವೆ ಎಲೆಯಡಿಕೆ ಉಗಿದದ್ದೂ ಎಲ್ಲ ನನ್ನೊಳಗೆ ದಾಖಲಾಯಿತು.

ಒಂದು ಸಂಜೆ ಮೂರನ್ನೂ ಸಾಲಾಗಿ ಕೇಳುತ್ತಿದ್ದ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಮೂರೂ ಒಂದೇ ಮಟ್ಟು. ಮೂರರಲ್ಲೂ ಮೂರನೇ ಹೆಜ್ಜೆಗೆ ಸ್ವರ ಒಂದು ಉಸಿರಿನಷ್ಟು ತಡೆದು ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತದೆ? ಅದನ್ನು ಕೇಳಲು ಅವರು ಮತ್ತೆ ಹಾಲೇಗೊಂಡನಹಳ್ಳಿಗೆ ಹೋದರು. ಈ ಸಲ ಗೌಡರ ಮನೆಗಲ್ಲ, ಕೇರಿಗೆ.

ಮೌರಿಯ ಮೈಲಾರಪ್ಪ ಬೇವಿನ ನೆರಳಲ್ಲಿ ಕೂತು ಊದಿದ. ಅಂಥ ಉಸಿರನ್ನು ನಾನು ಮತ್ತೆ ಕೇಳಿಲ್ಲ. ಅರ್ಧಕ್ಕೆ ನಿಲ್ಲಿಸಿ ಏನೋ ಹೇಳಹೊರಟ. ಟಕ್, ಮೇಷ್ಟ್ರ ಬೆರಳು ಗುಂಡಿಯ ಮೇಲೆ ಬಿತ್ತು. ಅವನ ಹೆಂಡತಿ ಸಣ್ಣಕ್ಕ ಮೊರದಲ್ಲಿ ಕಾಳು ಕೇರುತ್ತಿದ್ದವಳು ತಲೆಯೆತ್ತಿದಳು.

“ಯಾಕ್ ಸ್ವಾಮಿ, ನಮ್ಮ ಯಜಮಾನ ಊದಿದ್ರೆ ಈ ಡಬ್ಬಿ ಬಾಯಿ ತೆಗೀತೀರ, ಮಾತಾಡಿದ್ರೆ ಮುಚ್ತೀರ. ನಮ್ಮ ಮಾತಿಗೂ ಮಡಿ ಮೈಲಿಗೆ ಐತಾ?”

ಮೇಷ್ಟ್ರು ನಕ್ಕರು. ಮಾತು ತಲೆಯಲ್ಲಿ ಉಳಿಯುತ್ತದೆ, ಕ್ಯಾಸೆಟ್ಟು ಮಟ್ಟಿಗೆ ಮಾತ್ರ ಎಂದರು. ಮೈಲಾರಪ್ಪ ನನ್ನ ನಿಂತ ಟೇಪಿನ ಮುಂದೆ ಹೇಳಿದ:

“ಇದನ್ನ ಕಟ್ಟಿದ್ದು ನಮ್ಮವ್ವ, ಮಾಳಕ್ಕ. ಗೌಡ್ರ ಮನೆ ಗೋಡೆಗೆ ಮಣ್ಣು ತುಳೀತಾ ಗುನುಗಿದ್ದು. ಮೂರನೇ ಹೆಜ್ಜೆಗೆ ಕೆಸರು ಕಾಲು ಹಿಡ್ಕಂತೈತೆ, ಕಿತ್ಕಳಾಕೆ ಒಂದು ಉಸಿರು ಬೇಕು. ಅದಕ್ಕೇ ಅಲ್ಲಿ ಮೌರಿನೂ ನಿಲ್ತೈತೆ. ಕೇರಿಯಾಗೆ ಇದು ಮಾಳಕ್ಕನ ಮಟ್ಟು.”

ಟಕ್. ಟೇಪು ಮತ್ತೆ ಓಡಿತು, ಮೌರಿ ಮತ್ತೆ ಹಾಡಿತು.

ಮೇಷ್ಟ್ರು ಕೆಟ್ಟವರಲ್ಲ. ಆದರೆ ಪುಸ್ತಕ ಬರೆಯಲು ಕೂತಾಗ ವರ್ಷಗಳು ಕಳೆದಿದ್ದವು. ತಲೆಯಲ್ಲಿ ಉಳಿಯಬೇಕಾದದ್ದು ಉಳಿದಿರಲಿಲ್ಲ. ಟೇಪಿನಲ್ಲಿದ್ದುದು ಗೌಡರ ಮಾತು ಒಂದೇ. ಅಚ್ಚಾಯಿತು: ‘ಗೌಡರ ಹೆಜ್ಜೆ’. ಯಾರ ಗೋಡೆಗೆ ಯಾರು ಮಣ್ಣು ತುಳಿದರು, ಯಾರ ಹೆಜ್ಜೆಗೆ ಯಾರ ಹೆಸರು ಬಿತ್ತು! ಅವರ ಮೇಜಿನ ಮೇಲೇ ಕೂತಿದ್ದ ನಾನು ಕೂಗಿಕೊಳ್ಳಲೂ ಆಗದೆ ಅದನ್ನು ನೋಡಿದೆ.

ಮೇಷ್ಟ್ರು ತೀರಿಕೊಂಡ ಮೇಲೆ ಕ್ಯಾಸೆಟ್ಟುಗಳು ಕಾಲೇಜಿಗೆ ಹೋದವು. ಅವರ ಮನೆಯವರು ನನ್ನನ್ನು ರಿಪೇರಿ ಅಂಗಡಿಯ ಬಾಷಾನಿಗೆ ಕೊಟ್ಟರು. ಕೆಟ್ಟ ಮಿಕ್ಸಿಗಳ ನಡುವೆ ಬಹಳ ಕಾಲ ಧೂಳು ತಿಂದೆ.

ಒಂದು ಮಧ್ಯಾಹ್ನ ಮೈಲಾರಪ್ಪನ ಮಗಳು ಹೊನ್ನೂರಮ್ಮ ಬಂದಳು, ಕೈಯಲ್ಲಿ ಕಾಲೇಜಿನಿಂದ ಕೇಳಿ ತಂದ ಅಪ್ಪನ ಮೌರಿಯ ಕ್ಯಾಸೆಟ್ಟು. ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಕಾಲೇಜಿನವರು ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತಿದ್ದರು. ಅಜ್ಜಿಯ ಹೆಸರು ಹಾಕಿ ಎಂದು ಇವಳು ಕೇಳಿದ್ದಕ್ಕೆ, ನಿಮ್ಮಪ್ಪ ಟೇಪಿನಲ್ಲಿ ಹಾಗೆ ಹೇಳಿದ್ದರೆ ಕೇಳಿಸಿ, ಬಾಯಿಮಾತು ಆಧಾರವಲ್ಲ ಎಂದಿದ್ದರಂತೆ. ಅಪ್ಪ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ದಿನ ಅವಳೂ ಬೇವಿನ ಕೆಳಗೇ ಇದ್ದಳು.

ಬಾಷಾ ನನ್ನ ಹೆಡ್ಡು ಒರೆಸಿ, ಹೊಸ ಬೆಲ್ಟು ಹಾಕಿ, ಪ್ಲೇ ಒತ್ತಿದ. ಮೈಲಾರಪ್ಪನ ಉಸಿರು ಅಂಗಡಿ ತುಂಬಿತು. ಹೊನ್ನೂರಮ್ಮ ಸೆರಗು ಬಾಯಿಗೊತ್ತಿಕೊಂಡಳು. ಟಕ್. ಮತ್ತೆ ಮೌರಿ.

“ಈಗ ಬರ್ತೈತೆ ನೋಡು,” ಎಂದಳು. ಬರಲಿಲ್ಲ. ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸಿದಳು. ಟಕ್. ಮೌರಿ.

“ಹಂಗಾದ್ರೆ ನಾನೇ ಹೇಳ್ತೀನಿ ಕಣಪ್ಪ, ಆ ಸಂದಿನಾಗೆ ಸೇರಿಸು.”

ಬಾಷಾ ಟೇಪು ನಿಲ್ಲಿಸಿದ. “ಸಂದಿ ಇಲ್ಲ ಅಕ್ಕಾ, ಆವತ್ತು ಅಲ್ಲಿ ಟೇಪೇ ನಿಲ್ಲಿಸಿದಾರೆ. ಹೆಸರು ಹಾಕಬೇಕು ಅಂದ್ರೆ ಅಷ್ಟುದ್ದ ನಿಮ್ಮಪ್ಪನ ಮೌರಿ ಅಳಿಸಬೇಕು.”

ಅವಳು ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡಿದಳು.

ಮೌರಿ ನುಡಿಯಿತು. ಟಕ್ ಎಂದ ಕಡೆ ಅವಳು, ಯಾರಿಗೂ ಅಲ್ಲದಂತೆ, “ಮಾಳಕ್ಕ” ಎಂದಳು. ನನ್ನಲ್ಲಿ ಒತ್ತಿದ್ದುದು ಪ್ಲೇ ಗುಂಡಿ ಮಾತ್ರ, ರೆಕಾರ್ಡ್ ಗುಂಡಿಯಲ್ಲ. ಅವಳು ಹೇಳಿದ ಹೆಸರೂ ಟೇಪಿನಲ್ಲಿ ನಿಲ್ಲಲಿಲ್ಲ.