ಮಲ್ಲಿಗಿ ಮ್ಯಾಲಿನ ಹಸಿ ಅರಬಿ

ಹುಬ್ಬಳ್ಳಿ ದುರ್ಗದಬೈಲಿನ ತಿರುವಿನ್ಯಾಗ ಹೂ ಮಾರೋ ಸಂಗವ್ವ ಅಲ್ಲಿ ಕೆಮ್ಮಿದ್ರ ದೂರದ ಗೋಪನಕೊಪ್ಪದಾಗ ಮಲಗಿದ ಕೂಸು ಏಳತಿತ್ತು, ಅಂಥಾ ಬಾಯಿ ಅಕಿದು. ಮೂವತ್ತು ವರ್ಷ ಒಂದ ಜಗಾದಾಗ ಕುಂತು ಕುಂತು ನೆಲಾನೂ ಅಕಿ ಆಕಾರಕ್ಕ ಕುಳಿ ಬಿದ್ದಿತ್ತು. ಅಕಿ ಹಿಂದ, ಗ್ವಾಡಿಗೆ ಹತ್ತಿ, ಬಳಿ ಮಾರೋ ಹುಸೇನಬಿ. ಇಬ್ಬರೂ ಗಂಡ ಸತ್ತವರು, ಒಂದ ಡಬ್ಬಿ ರೊಟ್ಟಿ ಹಂಚ್ಕೊಂಡು ತಿನ್ನವರು.

ತಿರುವಿನ್ಯಾಗ ಆಟೋ, ಟೆಂಪೋ ಬಂದು ಗುರುಗುಟ್ಟಕೋತ ನಿಂತ್ರ ಹೊಗಿ ನೆಟ್ಟಗ ಸಂಗವ್ವನ ಮಾರಿಗೆ. ಅಕಿ ಮಲ್ಲಿಗಿ ಮ್ಯಾಲೆ ಮಾತ್ರ ಹಸಿ ಅರಬಿ ಹೊಚ್ಚತಿದ್ಲು. ಸಂಜಿಕ ಅದನ್ನ ಹಿಂಡಿದ್ರ ಕಾಡಿಗಿ ನೀರು ಇಳೀತಿತ್ತು, ಹುಬ್ಬಳ್ಳಿ ಎಮ್ಮಿಗೆಲ್ಲಾ ಬಣ್ಣಾ ಹಚ್ಚಿ ಇನ್ನೂ ಉಳೀಬೇಕು.

ಶ್ರಾವಣದಾಗ ಒಂದ ದಿವಸ ಸಂಗವ್ವನ ಎದಿ ಮ್ಯಾಲೆ ಯಾರೋ ಬೀಸೋಕಲ್ಲು ಇಟ್ಟಂಗಾತು. ಹುಸೇನಬಿ ಅಕಿನ್ನ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದ್ಲು.

"ಅಜ್ಜಿ, ಹಾರ್ಟಿನ ನಳಿಗಿ ಬಿಗದಾವ," ಅಂದ್ರು ಡಾಕ್ಟರ್ರು.

"ನಾ ಎಂದೂ ಬೀಡಿ ಮುಟ್ಟಿಲ್ರಿ."

"ನೀವು ಮುಟ್ಟಿಲ್ಲ, ಗಾಡಿ ನಿಮಗ ಸೇದಿಸ್ಯಾವ. ಹೊಗ್ಯಾಗಿನ ಸಣ್ಣ ಮಸಿ ಉಸರಿನ ಸಂಗಾಟ ಒಳಗ ಹೋಗಿ ರಕ್ತಕ್ಕ ಇಳೀತೈತಿ. ವರ್ಷಗಟ್ಟಲೆ ಹಿಂಗಾದ್ರ ನಳಿಗಿ ಕೆಡತಾವ. ಇನ್ನ ರಸ್ತೇಕ ಕುಂಡ್ರಬ್ಯಾಡ್ರಿ. ಮುಂದಿನ ಸಲ ಇಲ್ಲೀಮಟಾ ಬರೂದು ಆಗಲಿಕ್ಕಿಲ್ಲ."

ಸಂಗವ್ವಗ ಸಾವಿಗಿಂತ ಜಗಾದ ಚಿಂತಿ. ಬಜಾರದ ರಿವಾಜು ಹಂಗೈತಿ: ಮೂರು ದಿವಸ ಜಗಾ ಖಾಲಿ ಬಿತ್ತಂದ್ರ ನಾಲ್ಕನೇ ದಿವಸ ಮತ್ತೊಬ್ಬರ ಬುಟ್ಟಿ ಬರ್ತೈತಿ. ಕೇಳಾಕ ದೇವರೂ ಬರಂಗಿಲ್ಲ.

"ನಿನ್ನ ಜಗಾದಾಗ ನಾ ಕುಂಡ್ರತೇನಿ ಬಿಡವಾ," ಅಂದ್ಲು ಹುಸೇನಬಿ. "ನನ್ನ ಜಗಾದಾಗ ಬಳಿ ಬುಟ್ಟಿ ಇಟ್ರಾತು. ಎರಡೂ ಉಳೀತಾವ."

"ಹೂ ಮಾರಾಕ ಬಾಯಿ ಬೇಕು. ನೀ ಒದರಿದ್ರ ನಿನ್ನ ಬಳಿಗೂ ಕೇಳಂಗಿಲ್ಲ."

"ನೀ ಒದರಿದ್ದು ಅಲ್ಲೇ ಗ್ವಾಡ್ಯಾಗ ಉಳದೈತಿ ತಗೋ. ಇನ್ನಾ ಒಂದ ವರ್ಷ ಕೇಳಸ್ತೈತಿ."

ಇಪ್ಪತ್ತು ದಿವಸ ಹುಸೇನಬಿ ಆ ಹೊಗ್ಯಾಗ ಕುಂತ್ಲು. ಒಂದ ಸಂಜಿಕ ಸಂಗವ್ವನ ಮನಿಗೆ ಬಂದಾಕಿ ಗಲ್ಲಾ ಹಿಡಕೊಂಡು ಕುಂತ್ಲು. "ದವಡಿ ಸೆಳೀತೈತಿ. ಎಡಗೈನೂ ಜಡಾ ಆಗೈತಿ."

"ಇರೋವು ನಾಕು ಹಲ್ಲು, ಅವಕ್ಕೇನ ಇಷ್ಟು ಸೊಕ್ಕು?" ಅಂತ ನಕ್ಕು ಸಂಗವ್ವ ಡಬ್ಬ್ಯಾಗಿನ ಲವಂಗ ತೆಗದು ಕೊಟ್ಲು. ಹಾರ್ಟಿನ ಬ್ಯಾನಿ ಅಂದ್ರ ಎದಿ ಮ್ಯಾಲೆ ಬೀಸೋಕಲ್ಲು, ಅಕಿ ತಿಳಕೊಂಡಿದ್ದು ಅಷ್ಟ.

ಮರುದಿವಸ ಮಧ್ಯಾಹ್ನ ಹುಸೇನಬಿ ಹೂವಿನ ಬುಟ್ಟಿ ಮ್ಯಾಲೆ ಬಿದ್ಲು. ದವಾಖಾನಿಗೆ ಒಯ್ಯೂದ್ರಾಗ ಎಲ್ಲಾ ಮುಗದಿತ್ತು. ಹಾರ್ಟಿನ ಬ್ಯಾನಿ ಹೆಂಗಸರಿಗೆ ದವಡಿಗೂ ಬರ್ತೈತಿ ಅಂತ ಆಮ್ಯಾಲೆ ಡಾಕ್ಟರ್ರು ಹೇಳಿದ್ರಂತ.

ಸಂಗವ್ವ ಮಣ್ಣಿಗಂತ ಹುಸೇನಬಿ ಮನಿಗೆ ಹೋದಾಗ, ಹುಸೇನಬಿ ಸೊಸಿ ಶಮೀಮ ಅಕಿ ಕೈ ಹಿಡಕೊಂಡ್ಲು. "ಮೈ ತೊಳಿಯೋವಾಗ ಗಲ್ಲದಾಗ ಒಂದ ಲವಂಗ ಇತ್ತವಾ."

ಶಮೀಮ ಮೂಲ್ಯಾಗಿನ ಬಳಿ ಬುಟ್ಟಿ ತಂದು ಸಂಗವ್ವನ ಮುಂದ ಇಟ್ಲು.

"ಅತ್ತಿದು ನಲವತ್ತು ದಿವಸದ ಕಾರ್ಯ ಆಗೂಮಟಾ ನಾ ಮನಿ ಬಿಟ್ಟು ಹೊರಗ ಹೋಗಂಗಿಲ್ಲ. ಅತ್ತಿ ಜಗಾ ಹೋಗ್ತೈತಿ."

"ಹೋಗಂಗಿಲ್ಲ," ಅಂದ್ಲು ಸಂಗವ್ವ. ಲವಂಗ ಕೊಟ್ಟಾಕಿ ನಾನ ಅಂತ ಹೇಳಾಕ ಆಗಲಿಲ್ಲ.

ಮೂರನೇ ದಿವಸ ಮುಂಜಾನೆ ಗುಳಿಗಿ ಚೀಟಿ ಕುಪ್ಪಸದಾಗ ಇಟ್ಕೊಂಡು ಸಂಗವ್ವ ಬಜಾರಕ್ಕ ಬಂದ್ಲು. ಗ್ವಾಡಿ ಹಂತೇಲಿ ಬಳಿ ಬುಟ್ಟಿ ಇಟ್ಟು, ಮುಂದ ತನ್ನ ಕುಳ್ಯಾಗ ಕುಂತ್ಲು. ಹಸಿ ಅರಬಿ ಈ ಸಲ ಮಲ್ಲಿಗಿಗೆ ಹೊಚ್ಚಲಿಲ್ಲ, ಬಾಯಿ ಮೂಗಿಗೆ ಕಟ್ಕೊಂಡ್ಲು.

"ಬಳಿ ಅಜ್ಜಿ ಎಲ್ಲಿರಿ?" ಅಂತ ಗಿರಾಕಿ ಒಬ್ಬಾಕಿ ಕೇಳಿದ್ಲು.

"ಊಟಕ್ಕ ಹೋಗ್ಯಾಳ. ನೀ ಬಳಿ ನೋಡವಾ."

ಮಧ್ಯಾಹ್ನಕ್ಕ ಅರಬಿ ಬಿಚ್ಚಿ ನೋಡಿದ್ರ, ಮೂಗು ಇದ್ದಲ್ಲಿ ಎರಡು ಕರಿ ಚುಕ್ಕಿ. ತಿರುವಿನ್ಯಾಗ ಇನ್ನೊಂದು ಟೆಂಪೋ ಬಂದು ನಿಂತು ಗುರುಗುಟ್ಟಾಕತ್ತಿತ್ತು. ಸಂಗವ್ವ ಅರಬಿ ಹಿಂಡಿ ಮತ್ತ ಕಟ್ಕೊಂಡ್ಲು. ಶಮೀಮ ಬರೂಮಟಾ ಇನ್ನಾ ಮೂವತ್ತೇಳು ದಿವಸ.